ಗುಬ್ಬಿಯ ಹತ್ತು ಸುತ್ತು

“ಅವನಿಗೆ ಬಿಸಿಬಿಸಿ, ನಂಗೆ ಒಣ ಬ್ರೆಡ್ಡಾ?” ಅಕ್ಕ ತಟ್ಟೆ ದೂಡಿದಳು.

ಅಜ್ಜಿಯ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಇವತ್ತಿನಿಂದ ಮತ್ತೆ ಅಮ್ಮನಿಗೆ ಆಫೀಸು, ಮಕ್ಕಳಿಗೆ ಸ್ಕೂಲು. ಅಮ್ಮ ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಕಿವುಚಿ ಪುಟ್ಟ ಬಟ್ಟಲಿಗೆ ಹಾಕಿದಳು. ಅದು ತಮ್ಮನಿಗೆ. ದಿನಕ್ಕೆ ಆರು ಸಲ ಅವನಿಗೆ ಗುಬ್ಬಿಯಷ್ಟು ಊಟ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗುಬ್ಬಿಯೇ.

“ಅವನ ಹೊಟ್ಟೆ ನಿಧಾನ ಕಣೇ, ಗೊತ್ತಲ್ಲ. ಒಂದೇ ಸಲ ತುಂಬಿದ್ರೆ, ಹೊರಡದೆ ನಿಂತ ಬಸ್ಸಿಗೆ ಇನ್ನಷ್ಟು ಜನ ಹತ್ತಿದ ಹಾಗೆ. ಆಮೇಲೆ ವಾಂತಿ.” ಅಮ್ಮ ಚಪ್ಪಲಿ ಮೆಟ್ಟಿದಳು. “ತಿಂದ ತಕ್ಷಣ ಮಲಗೋಕೆ ಬಿಡಬೇಡ. ಸ್ಕೂಲ್ ವ್ಯಾನ್ ಬರೋದ್ರೊಳಗೆ ವರಾಂಡದಲ್ಲಿ ಹತ್ತು ಸುತ್ತು ನಡೆಸು. ಅಜ್ಜಿ ನಡೆಸ್ತಿದ್ರಲ್ಲ, ಹಾಗೆ.”

ಅಕ್ಕನಿಗೆ ಹೊಟ್ಟೆ ಉರಿಯಿತು. ಆ ಹತ್ತು ಸುತ್ತೂ ಅಜ್ಜಿ ಅವನ ಕೈ ಹಿಡಿದು ಕತೆ ಹೇಳುತ್ತಿದ್ದಳು. ಸುತ್ತು ಮುಗಿದ ಮೇಲೆ ಅಕ್ಕ ಕರೆದರೆ ಮಾತ್ರ “ಆಮೇಲೆ ಮಗಾ” ಅನ್ನುತ್ತಿದ್ದಳು. ಇನ್ನು ಆಮೇಲೆ ಎನ್ನುವುದೇ ಇಲ್ಲ.

ಗುಬ್ಬಿ ನಾಲ್ಕು ಚಮಚ ತಿಂದು ನಿಲ್ಲಿಸಿದ. ಅವನ ಕಣ್ಣೆಲ್ಲ ಅಕ್ಕನ ತಟ್ಟೆಯ ಮೇಲೆ.

“ಏನೋ ಗುರಾಯಿಸ್ತೀಯ? ತಗೋ, ಇದನ್ನೂ ನುಂಗು.”

“ನೀನೇ ತಿನ್ನು, ನಾನು ನೋಡ್ತೀನಿ. ಎರಡೆರಡು ಬ್ರೆಡ್ ಹೇಗೆ ಹೋಗುತ್ತೆ ನಿಂಗೆ?”

“ಹಸಿವಾದ್ರೆ ಹೋಗುತ್ತಪ್ಪ.”

“ಹಸಿವಾದ್ರೆ ಹೇಗಿರುತ್ತೆ ಅಕ್ಕಾ?”

ಅಕ್ಕ ಯೋಚಿಸಿದಳು. “ಹೊಟ್ಟೆ ಖಾಲಿ ಖಾಲಿ ಅನ್ಸುತ್ತೆ.”

“ನಂದು ಖಾಲಿನೇ ಆಗಲ್ಲ. ನೀನು ಲಕ್ಕಿ.”

ಅಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತನ್ನನ್ನು ನೋಡಿಯೂ ಒಬ್ಬರು ಕರುಬಬಹುದು ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

“ಇವತ್ತು ವರಾಂಡ ಬೇಡ,” ಎಂದಳು ತಿಂದು ಮುಗಿಸಿ. “ಟೈಲರ್ ಆಂಟಿಯಿಂದ ಅಜ್ಜಿ ತಂದಿದ್ದ ಬಿಸಿನೀರಿನ ಹಾಟ್ ಬ್ಯಾಗ್ ಇಲ್ಲೇ ಇದೆ. ಕೊಟ್ಟು ಬರೋಣ.”

ಬೀದಿಯ ಕೊನೆಯ ಅಂಗಡಿಯಲ್ಲಿ ಆಂಟಿ ಮಿಷನ್ ನಿಲ್ಲಿಸಿದರು.

“ಮಂಡಿನೋವಿಗೆ ಅಂತ ಒಯ್ದಿದ್ರು ಪಾಪ. ಹತ್ತು ಸುತ್ತು ಮುಗಿಯೋ ಹೊತ್ತಿಗೆ ಕಾಲೂರೋಕೆ ಆಗ್ತಿರ್ಲಿಲ್ಲ. ‘ಹನ್ನೊಂದನೇದು ಅಂದ್ರೆ ನನ್ನನ್ನ ಹೊತ್ಕೊಂಡೇ ಹೋಗ್ಬೇಕು’ ಅಂತ ನಗ್ತಿದ್ರು.”

ಅಕ್ಕ ಬ್ಯಾಗನ್ನು ತಕ್ಷಣ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿ ‘ಆಮೇಲೆ ಮಗಾ’ ಅನ್ನುತ್ತಿದ್ದದ್ದು ಇದಕ್ಕಾ? ಬ್ಯಾಗನ್ನು ಬಟ್ಟೆಗಳ ಪಕ್ಕ ಮೆಲ್ಲಗೆ ಇಟ್ಟಳು.

“ಬಾರೋ ಗುಬ್ಬಿ,” ಎಂದಳು. “ನಿಧಾನಕ್ಕೆ ಹೋಗೋಣ.”