ಕಿಣ್ವನ ಎಡಗೈ

ಬೆಟ್ಟಗಳಿಗಿನ್ನೂ ರೆಕ್ಕೆಯಿದ್ದ ಕಾಲದಲ್ಲಿ ಹೊನ್ನಂಬಾಡಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ರಾಣಿ ಲಕುಮವ್ವೆಗೆ ಮರೆವಿನ ರೋಗ ತಗುಲಿತು. ಉಂಡದ್ದು ಮರೆತಳು, ಸಿಂಹಾಸನ ಮರೆತಳು, ಕೊನೆಗೆ ತಾನೇ ಸಾಕಿದ ಮೊಮ್ಮಗಳು ಕೇತಲೆಯನ್ನು ಕಂಡು, "ಯಾರಮ್ಮ ನೀನು?" ಅಂದಳು. ಕೇತಲೆಗೆ ಎದೆ ಒಡೆದಂತಾಯಿತು.

ಅರಮನೆಯ ವೈದ್ಯೆ ಸಿಂಗವ್ವೆ ಹೇಳಿದಳು: "ರಾಣಿಯ ಮಿದುಳಿನಲ್ಲಿ ಕಿಣ್ವನೆಂಬ ಮಾಯಾವಿ ಇದ್ದಾನೆ. ಕಂಡ ನೂಲನ್ನೆಲ್ಲ ಕತ್ತರಿಸುತ್ತಾನೆ. ಆ ಚೂರುಗಳು ಮುದ್ದೆಗಟ್ಟಿ ನೆನಪಿನ ದಾರಿ ಮುಚ್ಚಿಹೋಗಿದೆ. ಅವನನ್ನು ಕೊಂದು ಬಾ."

ಕೇತಲೆ ಕತ್ತಿ ಹಿಡಿದು, ಸಿಂಗವ್ವೆ ಕೊಟ್ಟ ಮಂತ್ರದ ಪುಡಿ ನುಂಗಿ, ಕಣ್ಣಿಗೆ ಕಾಣದಷ್ಟು ಸಣ್ಣವಳಾಗಿ, ಅಜ್ಜಿಯ ಕಿವಿಯೊಳಗೆ ಇಳಿದಳು.

ಒಳಗೊಂದು ದೊಡ್ಡ ಊರು. ಬೀದಿಬೀದಿಯಲ್ಲಿ ಮಿಂಚು ಹರಿಯುತ್ತಿತ್ತು. ಗೋಡೆಗಳಲ್ಲಿ ಪುಟ್ಟ ಬಾಗಿಲುಗಳು. ಅವು ತೆರೆದರೆ ಉಪ್ಪಿನ ಕಣಗಳು ಹೊರಗೆ ಹಾರುತ್ತಿದ್ದವು, ಮಿಂಚು ತಣ್ಣಗಾಗುತ್ತಿತ್ತು. ಮೊದಲ ಬಾಗಿಲ ಬಳಿಯೇ ಕಿಣ್ವ ನಿಂತಿದ್ದ. ಬಲಗೈಯ ಕತ್ತರಿ ಕಚಕಚ ಅನ್ನುತ್ತಿತ್ತು.

ಕೇತಲೆ ಕತ್ತಿ ಬೀಸಿದಳು. ಕಿಣ್ವ ಸರಿದದ್ದೇ ತಡ, ಬಾಗಿಲು ಮುಚ್ಚಿತು. ಮಿಂಚು ಹುಚ್ಚೆದ್ದಿತು, ಊರು ಗಡಗಡ ನಡುಗಿತು. ಹೊರಗಿನಿಂದ ಸಿಂಗವ್ವೆ ಕೂಗಿದಳು: "ಅಯ್ಯೋ, ರಾಣಿಯ ಕೈಕಾಲು ಸೆಟೆದು ಅದುರುತ್ತಿವೆ!"

ಕಿಣ್ವ ಓಡಿಬಂದು ಬಾಗಿಲಿಗೆ ಎಡಗೈ ಇಟ್ಟ. ಬಾಗಿಲು ತೆರೆಯಿತು, ನಡುಕ ನಿಂತಿತು.

ಎರಡನೆಯ ಬಾಗಿಲಲ್ಲೂ ಕೇತಲೆ ಅವನನ್ನು ಅಟ್ಟಿದಳು. ಅಲ್ಲೂ ಹಾಗೆಯೇ ಆಯಿತು. ಅವಳು ಬೆರಗಾಗಿ ಅವನ ಎಡಗೈಯನ್ನೇ ನೋಡಿದಳು.

"ಬಾಗಿಲು ತೆರೆದು ಹಿಡಿಯುವವನೂ ನೀನೇನಾ? ಯಾಕೆ ಹೇಳಲಿಲ್ಲ?"

"ಬಂದವರೆಲ್ಲ ಕತ್ತಿ ಹಿಡಿದೇ ಬಂದರು. ಯಾರು ಕೇಳಿದರು ತಾಯಿ?"

ಮೂರನೆಯ ಬಾಗಿಲ ಬಳಿ ಕೇತಲೆ ಕತ್ತಿ ಕೆಳಗಿಟ್ಟಳು. "ಕತ್ತರಿ ನನಗೆ ಕೊಡು. ಬರಿಗೈಯಲ್ಲಿ ಬಾಗಿಲು ಹಿಡಿ, ನೋಡೋಣ."

ಕಿಣ್ವ ಕತ್ತರಿಯನ್ನು ಎದೆಗೆ ಅವಚಿಕೊಂಡ. "ಇದು ನನ್ನ ಜೊತೆಗೇ ಹುಟ್ಟಿದ್ದು. ಕಣ್ಣೆದುರು ನೂಲು ಬಂದರೆ ಕೈ ನನ್ನ ಮಾತು ಕೇಳುವುದಿಲ್ಲ."

"ಅದಕ್ಕೇ ಕೊಡು ಅನ್ನುತ್ತಿದ್ದೇನೆ."

ಕಿಣ್ವ ಕತ್ತರಿ ಕೊಟ್ಟ. ಎಡಗೈ ಇಟ್ಟ. ಬಾಗಿಲು ಸಲೀಸಾಗಿ ತೆರೆಯಿತು! ಬಾಗಿಲಿಗೆ ಆ ಕೈ ಸಾಕಾಗಿತ್ತು, ಕತ್ತರಿ ಬೇಕಿರಲಿಲ್ಲ.

ಕೇತಲೆ ಕತ್ತರಿಯನ್ನು ಮುರಿದು ಎಸೆದಳು. ಇಬ್ಬರೂ ಸೇರಿ ಮುದ್ದೆಗಟ್ಟಿದ ಚೂರುಗಳನ್ನೆಲ್ಲ ಗುಡಿಸಿ ದಾರಿ ಬಿಡಿಸಿದರು.

ಅವಳು ಹೊರಬಂದಾಗ ಲಕುಮವ್ವೆ ಎದ್ದು ಕೂತು, ಮೊಮ್ಮಗಳ ಕೆದರಿದ ಕೂದಲು ನೇವರಿಸಿ ಕೇಳಿದಳು: "ಕೇತಲೆ, ಸಿಂಗವ್ವೆ ಹೇಳಿದ ಆ ಕಿಣ್ವನನ್ನು ಕೊಂದೆಯೇನೇ?"

"ಇಲ್ಲಜ್ಜಿ. ನಿನ್ನ ಬಾಗಿಲುಗಳನ್ನು ಅವನ ಹಾಗೆ ಕಾಯುವವರು ಇನ್ನಾರೂ ಇಲ್ಲ."

ಅಜ್ಜಿ ಮೊಮ್ಮಗಳು ಹೊನ್ನಂಬಾಡಿಯಲ್ಲಿ, ಕಿಣ್ವ ಒಳಗಿನ ಊರಿನಲ್ಲಿ, ಎಲ್ಲರೂ ನೂರುಕಾಲ ನೆಮ್ಮದಿಯಾಗಿದ್ದರು.