ಒಂದು ಮಿಲಿಮೀಟರಿನ ಡೈ

ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕಿ ನಮ್ಮ ಘಣಸೋಲಿಯ ಲ್ಯಾಬಿಗೆ ಬಂದಾಗ ಯಂತ್ರದಲ್ಲಿ ಡೈ ಇರಲಿಲ್ಲ.

ಬೆರಳುದ್ದದ ಉಕ್ಕಿನ ತುಂಡು, ನಡುವೆ ಒಂದು ಮಿಲಿಮೀಟರಿನ ತೂತು. ಎಷ್ಟು ಒತ್ತಿದರೆ ಕರಗಿದ ಪ್ಲಾಸ್ಟಿಕ್ ಅದರೊಳಗಿಂದ ಎಷ್ಟು ಹರಿಯುತ್ತದೆ? ಅದನ್ನು ಅಳೆಯುವುದೇ ಶ್ರದ್ಧಾಳ ಆರು ವರ್ಷದ ಪಿಎಚ್‌ಡಿ. ಆ ಅಳತೆಯನ್ನು ಕಣ್ಣೆದುರೇ ಮಾಡಿ ತೋರಿಸಬೇಕೆಂದು ಪರೀಕ್ಷಕಿ ಸುಬ್ಬಲಕ್ಷ್ಮಿ ಮೊದಲೇ ಪತ್ರ ಬರೆದಿದ್ದರು. ತೋರಿಸದಿದ್ದರೆ ಪದವಿ ಇನ್ನೊಂದು ವರ್ಷ ಮುಂದಕ್ಕೆ. ಐರೋಲಿಯ ಕಾಲೇಜು ಅವಳಿಗಾಗಿ ಹಿಡಿದಿಟ್ಟ ಕೆಲಸ ಬೇರೆಯವರ ಪಾಲು.

"ಲೀಲಾಧರನನ್ನ ಕೇಳಿ," ಎಂದರು ಅವಳ ಮಾರ್ಗದರ್ಶಕ ಪ್ರೊಫೆಸರ್ ಸೂರ್ಯನಾರಾಯಣ. "ನೆನ್ನೆ ಸಂಜೆ ಬೀಗ ಹಾಕಿದ್ದು ಅವನೇ."

ನಾನೂ ಅದೇ ವಿಭಾಗದವನು. ನನ್ನ ಬಡ್ತಿಯ ಕಡತ ಪ್ರೊಫೆಸರರ ಮೇಜಿನ ಮೇಲಿತ್ತು. ತೆಪ್ಪಗೆ ನಿಂತೆ.

ಲ್ಯಾಬ್ ಸಹಾಯಕ ಲೀಲಾಧರ ಅವರು ಒಂದು ಹೆಜ್ಜೆ ಮುಂದೆ ಬಂದರು. "ಮೂವತ್ತೊಂದು ವರ್ಷ ಆಯ್ತು ಮೇಡಮ್. ಒಂದು ಸ್ಕ್ರೂ ಸಹ ಮನೆಗೆ ಕೊಂಡೋದವ ಅಲ್ಲ ನಾನು. ಅದು ನನಗೆಂತಕ್ಕೆ?"

ಸುಬ್ಬಲಕ್ಷ್ಮಿ ಯಂತ್ರದ ಮೇಲೆ ಅಂಗೈ ಇಟ್ಟರು. ತಟ್ಟನೆ ತೆಗೆದರು.

"ನೆನ್ನೆ ಇದನ್ನ ಆಫ್ ಮಾಡಿದ್ದು ಎಷ್ಟೊತ್ತಿಗೆ?"

"ಪಾಂಚ್ ಬಜೇ, ಐದಕ್ಕೆ, ಮ್ಯಾಮ್," ಎಂದಳು ಶ್ರದ್ಧಾ. "ಡೈ ಒಳಗೇ ಇತ್ತು. ಕ್ಲೀನ್ ಮಾಡ್ಲಿಲ್ಲ — ಟ್ರೇನ್ ಮಿಸ್ ಆಗ್ತಿತ್ತು."

"ಇವತ್ತು ಬಂದಿದ್ದು?"

"ಲೀಲಾಧರ ಅಂಕಲ್, ನಾನು, ಇಬ್ರೂ ಡೊಂಬಿವಲಿಯಿಂದ ಒಂದೇ ಟ್ರೇನ್. ಠಾಣೆಯಲ್ಲಿ ಟ್ರೇನ್ ಚೇಂಜ್ ಮಾಡಿ ಒಂಬತ್ತು ಮುಕ್ಕಾಲಿಗೆ ಬಂದ್ವಿ. ಬಾಗಿಲು ತೆಗೆದಾಗ್ಲೇ ಡೈ ಇರ್ಲಿಲ್ಲ."

"ಹೀಟರ್ ಹಾಕಿದ್ರಾ?"

"ಡೈ ಇಲ್ದೆ ಯಾಕೆ ಮ್ಯಾಮ್?"

"ಈ ಬಾಗಿಲಿಗೆ ಇನ್ನೊಂದು ಕೀ ಯಾರ ಹತ್ರ ಇದೆ?"

ಎಲ್ಲರಿಗೂ ಗೊತ್ತಿತ್ತು. ನನಗೂ.

"ಅವನು ಸಂಜೆಯೇ ತೆಗೆದಿರಬಹುದಲ್ಲ?" ಎಂದರು ಪ್ರೊಫೆಸರ್.

"ಹಾಗಿದ್ರೆ ಯಂತ್ರ ಇಷ್ಟೊತ್ತಿಗೆ ತಣ್ಣಗಿರ್ಬೇಕಿತ್ತು. ಕೈ ಸುಡೋ ಹಾಗಿದೆ. ಒಳಗಿದ್ದ ಪ್ಲಾಸ್ಟಿಕ್ ಗಟ್ಟಿಯಾಗಿ ಡೈಯನ್ನ ಕಚ್ಚಿಕೊಂಡಿತ್ತು. ಒಂದು ಗಂಟೆ ಕಾಯಿಸದೆ ಅದು ಕದಲೋದಿಲ್ಲ. ಬೆಳಿಗ್ಗೆ ಯಾರೋ ಕಾಯಿಸಿದಾರೆ. ಆಗ ಇವರಿಬ್ಬರೂ ಟ್ರೇನಿನಲ್ಲಿದ್ರು. ಉಳಿದ ಕೀ ನಿಮ್ಮದು, ಸೂರ್ಯನಾರಾಯಣ ಅವರೇ."

ಮೂವತ್ತು ವರ್ಷ ಶಾಖದ, ಹರಿವಿನ ಸಮೀಕರಣ ಬರೆದವರು. ಅಷ್ಟು ದಪ್ಪ ಉಕ್ಕು ಆರಲು ಎಷ್ಟು ಹೊತ್ತು ಬೇಕೆಂದು ಅವರಿಗೆ ಹೊಳೆಯಲಿಲ್ಲ. ಯಂತ್ರ ಮುಟ್ಟಿ ಎಷ್ಟು ಕಾಲವಾಗಿತ್ತೋ. ನನಗೆ ಅಸಹ್ಯವಾಯಿತು — ಅವರ ಮೇಲೂ, ನನ್ನ ಮೇಲೂ.

ಪ್ರೊಫೆಸರ್ ಜೇಬಿನಿಂದ ಡೈ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಸಮೀಕರಣಕ್ಕಿಂತ ಇವಳ ಅಳತೆ ಮೂವತ್ತು ಪರ್ಸೆಂಟ್ ಹೆಚ್ಚು ಬರತ್ತೆ. ನಿಮ್ಮೆದುರೂ ಹಾಗೇ ಬಂದ್ರೆ ಇಷ್ಟು ವರ್ಷ ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ. ನಾನು ತಪ್ಪು ಅಂತ ನನ್ನ ಸ್ಟೂಡೆಂಟೇ ಥೀಸಿಸ್‌ನಲ್ಲಿ ಬರೆದ್ರೆ ಹೇಗೆ ಸಹಿಸ್ಲಿ?"

ಶ್ರದ್ಧಾ ತಲೆಯೆತ್ತಿದಳು.

"ನಾನು ಹಾಗೆ ಬರೆದೇ ಇಲ್ಲ, ಸರ್. ನಿಮ್ಮ ಸಮೀಕರಣ ಸರಿ, ನನ್ನ ಅಳತೆಯೇ ತಪ್ಪಿರ್ಬೇಕು ಅಂತ ಬರೆದಿದೀನಿ. ಅದಕ್ಕೇ ಮ್ಯಾಮ್ ಮಾಡಿ ತೋರ್ಸು ಅಂದಿದ್ದು." ಅವಳ ದನಿ ಇಳಿಯಿತು. "ಪೂರ್ತಿ ಓದಿದೀನಿ ಅಂತ ನೀವು ಸಹಿ ಹಾಕಿದ್ರಲ್ಲ, ಸರ್?"