ವರ್ಲೀನ್ ಆಂಟಿಯ ಚಾವಣಿ

ಧಬ್! ಧಬ್! ಧಬ್!

ನೆಲದಡಿಯಿಂದ, ಕೆಳಮನೆಯ ಚಾವಣಿಗೆ ಬೀಳುವ ಪೊರಕೆ ಹಿಡಿಯ ಏಟು ಕೇಳಿತು. ಹೋಮ್‌ವರ್ಕ್ ಮಾಡುತ್ತಿದ್ದ ದಾಮಾರಿಸ್ ಮುಖ ಸೊಟ್ಟ ಮಾಡಿದಳು.

"ಶುರುವಾಯ್ತು ನೋಡಜ್ಜಿ, ವರ್ಲೀನ್ ಆಂಟಿ ಡ್ರಮ್ಸು!"

"ನಗಬೇಡ ಕಣೇ. ರಾತ್ರಿಯೆಲ್ಲಾ ಆಸ್ಪತ್ರೇಲಿ ನಿಂತು ದುಡಿದು ಬಂದಿರ್ತಾಳೆ. ಹಗಲೇ ಅವಳಿಗೆ ರಾತ್ರಿ," ಅಂದಳು ಅಜ್ಜಿ. ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂತು. ಕಿಟಕಿಯ ಎ.ಸಿ. ಮಾತ್ರ ತನಗೇನೂ ಗೊತ್ತೇ ಇಲ್ಲವೆಂಬಂತೆ ಗುರ್ರೆನ್ನುತ್ತಿತ್ತು.

ಜೂನ್ ಬಂದು ಸೆಕೆ ಶುರುವಾಯಿತೆಂದರೆ ಬ್ರಾಂಕ್ಸ್‌ನ ಆ ಇಟ್ಟಿಗೆ ಕಟ್ಟಡದಲ್ಲಿ ಎಲ್ಲರ ಎ.ಸಿ.ಗಳೂ ಕಪಾಟಿನಿಂದ ಹೊರಬಂದು ಕಿಟಕಿ ಏರುತ್ತವೆ. ಏರಿಸುವವನು ದಾಮಾರಿಸ್‌ಳ ವಿಲ್ಕಿನ್ ಮಾವ. ಎ.ಸಿ. ಕೂರಿಸಿ, ಸುತ್ತಲಿನ ಸಂದಿಗೆ ಸ್ಪಂಜಿನ ಪಟ್ಟಿ ತುರುಕಿ, ಅದರ ಮೇಲೆ ಮರದ ಪಟ್ಟಿ ಬಡಿದು ಬಣ್ಣ ಹಚ್ಚಿದನೆಂದರೆ ಒಂದು ಸೊಳ್ಳೆಯೂ ಒಳಗೆ ನುಸುಳುವಂತಿಲ್ಲ.

ಸಂಜೆ ಬಾಗಿಲ ಗಂಟೆ ಸದ್ದಾಯಿತು. ಅಮ್ಮ ತೆರೆದಳು. ನರ್ಸ್ ಯೂನಿಫಾರ್ಮ್ ತೊಟ್ಟು ಕೆಲಸಕ್ಕೆ ಹೊರಟಿದ್ದ ವರ್ಲೀನ್ ಆಂಟಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ನೋಡಮ್ಮ, ನಿಮ್ಮ ಎ.ಸಿ. ನೀರು ನನ್ನ ಎ.ಸಿ. ಮೇಲೆ ಬೀಳುತ್ತೆ. ಹಗಲೆಲ್ಲಾ ಅದೇ ಸದ್ದು. ಒಂದು ವಾರದಿಂದ ನಾನು ನಿದ್ದೆ ಮಾಡಿಲ್ಲ. ಶನಿವಾರದ ಹೊತ್ತಿಗೆ ಸರಿಯಾಗದಿದ್ರೆ ಬಿಲ್ಡಿಂಗ್ ಆಫೀಸಿಗೆ ಹೇಳ್ತೀನಿ. ಅವ್ರೇ ಬಂದು ಕಿತ್ತು ಹಾಕಲಿ."

ಅಮ್ಮ ಮಾವನಿಗೆ ಫೋನ್ ಮಾಡಿದಳು. ಸೆಕೆ ಜೋರು, ಕೆಲಸ ಕತ್ತಿನವರೆಗೆ ಇದೆ, ಶನಿವಾರ ಬೆಳಿಗ್ಗೆಯೇ ಬರೋಕಾಗೋದು ಅಂದ ಅವನು.

"ಎ.ಸಿ. ತೆಗೆಸಿಬಿಟ್ರೆ ಈ ಸೆಕೇಲಿ, ಏದುಸಿರು ಬಿಡೋ ನಿನ್ನನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲಮ್ಮ," ಅಂದಳು ಅಮ್ಮ ಅಜ್ಜಿಗೆ. "ಬೇಸಿಗೆ ಕಳೆಯೋವರೆಗೆ ನ್ಯೂಜೆರ್ಸಿಗೆ, ಅಕ್ಕನ ಮನೆಗೆ ಹೋಗ್ಬಿಡು."

ಅಜ್ಜಿ ಮಂಚದಡಿಯಿಂದ ಚೀಲ ಎಳೆದು ಬಟ್ಟೆ ತುಂಬತೊಡಗಿದಳು. ದಾಮಾರಿಸ್ ಹುಟ್ಟಿದಾಗಿನಿಂದ ಅಜ್ಜಿಯ ಜೊತೆ ಅದೇ ಕೋಣೆಯಲ್ಲಿ ಮಲಗಿದವಳು. ಅಜ್ಜಿಯ ಗೊರಕೆ ಇಲ್ಲದೆ ನಿದ್ದೆ ಹೇಗೆ ಬರಬೇಕು?

ಮರುದಿನ ಗುರುವಾರ. ಶಾಲೆಯಿಂದ ಬರುತ್ತಾ ದಾಮಾರಿಸ್ ಬಬಲ್ ಗಮ್ ಜಗಿಯುತ್ತಿದ್ದಳು. ಕಟ್ಟಡದ ಮುಂದೆ ನಿಂತು ತಲೆ ಎತ್ತಿ ನೋಡಿದಳು. ತಮ್ಮ ಎ.ಸಿ.ಯ ಹಿಂಬದಿಯ ಒಂದು ತೂತಿನಿಂದ ನೀರು ಹನಿಯುತ್ತಿತ್ತು. ಇಷ್ಟು ಚಿಕ್ಕ ತೂತಿಗಾಗಿ ಅಜ್ಜಿ ಅಷ್ಟು ದೂರ ಹೋಗಬೇಕೇ?

ಅಮ್ಮ ಇನ್ನೂ ಬಂದಿರಲಿಲ್ಲ. ಅಜ್ಜಿ ತೂಕಡಿಸುತ್ತಿದ್ದಳು. ದಾಮಾರಿಸ್ ಅಡುಗೆಮನೆ ಕಿಟಕಿ ದಾಟಿ, ಬೆಂಕಿ ಬಿದ್ದಾಗ ಇಳಿಯುವ ಕಬ್ಬಿಣದ ಮೆಟ್ಟಿಲ ಕಟ್ಟೆಗೆ ಬಂದಳು. ಕಂಬಿ ಹಿಡಿದು ಪಕ್ಕದ ಕೋಣೆಯ ಎ.ಸಿ.ಯತ್ತ ಕೈ ಚಾಚಿ, ಐಸ್ ಕ್ಯಾಂಡಿ ಕಡ್ಡಿಯಿಂದ ಗಮ್ ಅನ್ನು ತೂತಿಗೆ ಒತ್ತಿದಳು. ಹನಿ ನಿಂತೇ ಹೋಯಿತು!

ಶುಕ್ರವಾರವಿಡೀ ಪೊರಕೆ ಸದ್ದಿಲ್ಲ. ದಾಮಾರಿಸ್ ಒಳಗೊಳಗೇ ಉಬ್ಬಿಹೋದಳು. ಯಾರಿಗೂ ಹೇಳಲಿಲ್ಲ, ಅಷ್ಟೇ.

ಶನಿವಾರ ಬೆಳಿಗ್ಗೆ ಅಜ್ಜಿ ಮಂಚದಿಂದ ಕಾಲಿಳಿಸಿದವಳೇ ಕಿರುಚಿದಳು. "ಅಯ್ಯೋ! ನನ್ನ ಚಪ್ಪಲಿ ಒದ್ದೆ!"

ಕಿಟಕಿಯಿಂದ ಗೋಡೆಗುಂಟ ನೀರು ಇಳಿಯುತ್ತಿತ್ತು. ಮಾವ ಬಡಿದಿದ್ದ ಮರದ ಪಟ್ಟಿ ಉಬ್ಬಿ, ಬಿಳಿ ಬಣ್ಣ ಹಪ್ಪಳದಂತೆ ಎದ್ದಿತ್ತು.

ಅಷ್ಟರಲ್ಲಿ ಟೂಲ್ ಬಾಕ್ಸ್ ಹಿಡಿದು ವಿಲ್ಕಿನ್ ಮಾವ ಬಂದ. ಎ.ಸಿ. ಆರಿಸಿದ. ಹೊರಗೆ ಹೋಗಿ ಬಗ್ಗಿ ನೋಡಿದ. ವಾಪಸ್ ಬಂದಾಗ ಸ್ಕ್ರೂಡ್ರೈವರ್ ತುದಿಯಲ್ಲಿ ಗುಲಾಬಿ ಬಣ್ಣದ ಮುದ್ದೆ ಇತ್ತು. ಮೂಸಿದ.

"ಕಲ್ಲಂಗಡಿ ಫ್ಲೇವರ್! ಅಮ್ಮಾ, ಈ ವಯಸ್ಸಲ್ಲಿ ಗಮ್ ತಿಂತಿದ್ದೀಯಾ?"

"ತಿನ್ನೋಕೆ ಹಲ್ಲೆಲ್ಲಿದೆಯೋ?" ಅಂದಳು ಅಜ್ಜಿ.

ಎಲ್ಲರೂ ದಾಮಾರಿಸ್ ಕಡೆ ತಿರುಗಿದರು. ಅವಳ ಕಿವಿ ಬಿಸಿಯಾಯಿತು.

"ಆ ಮೆಟ್ಟಿಲಿಗೆ ಹೋಗಿದ್ಯಾ?" ಅಮ್ಮ ಸೌಟು ಹಿಡಿದೇ ಬಂದಳು. "ಬೆಂಕಿ ಬಿದ್ರೆ ಮಾತ್ರ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

"ಅಜ್ಜಿ ಹೋಗ್ಬಾರ್ದು ಅಂತ..." ದಾಮಾರಿಸ್ ಗೊಳೋ ಎಂದು ಅತ್ತಳು.

ಸೌಟು ಕೆಳಗಿಳಿಯಿತು. ಮಾವ ಮೊಣಕಾಲೂರಿ ಅವಳೆದುರು ಕೂತ. "ಪುಟ್ಟಿ, ಎ.ಸಿ. ಗಾಳಿಯಿಂದ ನೀರನ್ನ ಹಿಂಡಿ ತೆಗೆಯುತ್ತೆ. ಆ ನೀರು ಹೊರಗೆ ಹೋಗ್ಲೇಬೇಕು. ಅದಕ್ಕೇ ನಾನು ಅದರ ಹಿಂಬದೀನ ಸ್ವಲ್ಪ ತಗ್ಗಿಸಿ ಕೂರಿಸೋದು. ನೀನು ದಾರಿ ಮುಚ್ಚಿದೆ, ಅದು ಒಳಗೆ ಬಂತು."

"ಹೊರಗೆ ಬಿಟ್ರೆ ವರ್ಲೀನ್ ಆಂಟಿ ಬೈತಾರೆ."

"ಹೂಂ. ಅದೇ ತಲೆನೋವು," ಎಂದು ಮಾವ ಗಡ್ಡ ಕೆರೆದುಕೊಂಡ.

ಅವನು ಉಬ್ಬಿದ ಪಟ್ಟಿ ಕಿತ್ತು, ಹೊಸದನ್ನು ಅಳೆದು ಕತ್ತರಿಸತೊಡಗಿದ. ಕಿಟಕಿಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ನೀರಿಗೆ ಅಮ್ಮ ಕೇಕ್ ಬೇಯಿಸುವ ತಗಡಿನ ತಟ್ಟೆ ಇಟ್ಟಳು.

ಟಣ್. ಟಣ್. ಟಣ್.

"ತಲೆಗೆ ಮೊಳೆ ಹೊಡೆದ ಹಾಗಿದೆ. ನಿಲ್ಸೋ ಇದನ್ನ," ಎಂದು ಅಜ್ಜಿ ಕಿವಿ ಮುಚ್ಚಿಕೊಂಡಳು.

ದಾಮಾರಿಸ್ ಅಳು ನಿಲ್ಲಿಸಿ ಆಲಿಸಿದಳು. ಇದೇ ಸದ್ದು, ಒಂದು ವಾರ, ಆಂಟಿಯ ನಿದ್ದೆಯ ಹೊತ್ತಿನಲ್ಲಿ. ನೆಲದ ಮೇಲೆ ಮಾವ ಕತ್ತರಿಸಿ ಬಿಟ್ಟ ಸ್ಪಂಜಿನ ಪಟ್ಟಿಗಳು ಬಿದ್ದಿದ್ದವು. ಒಂದನ್ನೆತ್ತಿ ತಟ್ಟೆಗೆ ಹಾಕಿದಳು.

ಸದ್ದೇ ಇಲ್ಲ! ಹನಿ ಬೀಳುತ್ತಲೇ ಇತ್ತು, ಆದರೆ ಸದ್ದಿಲ್ಲ.

"ಮಾವ! ಇದನ್ನ ಆಂಟಿ ಎ.ಸಿ. ಮೇಲೆ ಅಂಟಿಸಿದ್ರೆ?"

ಮಾವ ತಟ್ಟೆಯನ್ನೂ ಅವಳನ್ನೂ ನೋಡಿದ. "ಎಲಾ ಇವಳ! ಮೊದಲೇ ಇದನ್ನ ಮಾಡೋದು ಬಿಟ್ಟು ಗಮ್ ಯಾಕೆ ಅಂಟಿಸಿದೆ?"

ಪಟ್ಟಿ ಬಡಿದಾದ ಮೇಲೆ ಎ.ಸಿ. ಹಾಕಿ ಇಬ್ಬರೂ ಕೆಳಗಿಳಿದರು. ಆಗತಾನೆ ಕೆಲಸದಿಂದ ಬಂದಿದ್ದ ವರ್ಲೀನ್ ಆಂಟಿ ಬಾಗಿಲು ತೆರೆದಳು. "ನಿನ್ನೆ ಒಂದು ದಿನ ಸುಖವಾಗಿ ಮಲಗಿದ್ದೆ. ಈಗ ನೋಡು, ಮತ್ತೆ ಶುರು."

ದಾಮಾರಿಸ್ ಆಂಟಿಯ ಮಲಗುವ ಕೋಣೆಗೆ ಬಂದದ್ದು ಅದೇ ಮೊದಲು. ಬೆಳಿಗ್ಗೆಯೇ ದಪ್ಪ ಪರದೆ ಎಳೆದು ಕತ್ತಲು ಮಾಡಲಾಗಿತ್ತು. ಅಲ್ಲಿ ಆ ಸದ್ದು ಇನ್ನೂ ದೊಡ್ಡದಾಗಿತ್ತು. ಮೇಲೆ ಅಮ್ಮ ನಡೆದಾಡುವುದೂ ಕೇಳಿಸುತ್ತಿತ್ತು. ಮೂಲೆಯಲ್ಲಿ ಪೊರಕೆ ಒರಗಿತ್ತು. ದಾಮಾರಿಸ್‌ಗೆ ಅದನ್ನು ನೋಡಿ ನಾಚಿಕೆಯಾಯಿತು.

ಮಾವ ಹೊರಗಿನ ಮೆಟ್ಟಿಲ ಕಟ್ಟೆಯಲ್ಲಿ ನಿಂತು ಆಂಟಿಯ ಎ.ಸಿ.ಯ ಮೇಲಿನ ತಗಡು ಒರೆಸಿ, ಸ್ಪಂಜು ಇಟ್ಟು ಒತ್ತಿದ. "ಹೇಗಿದೆ?"

ಟಣ್.

"ಇನ್ನೂ ಬಲಕ್ಕೆ ಮಾವ! ಅಷ್ಟಲ್ಲ... ಹಾಂ, ಅಲ್ಲೇ, ಅಲ್ಲೇ!"

ಸದ್ದು ನಿಂತಿತು. ಆಂಟಿ ನಂಬಲಾಗದೆ ಕಿವಿಗೊಟ್ಟು ಕುರ್ಚಿಯಲ್ಲಿ ಕೂತಳು.

"ಶಾಲೇಲಿ ಯಾವ ಕ್ಲಾಸು ನೀನು?" ಎಂದು ಕೇಳಿದಳು.

"ಐದನೇದು ಆಂಟಿ. ನಮ್ಮ ಮಿಸ್ಸು..."

ಮಾತು ಮುಗಿಯುವ ಮೊದಲೇ ವರ್ಲೀನ್ ಆಂಟಿಯ ತಲೆ ಕುರ್ಚಿಗೆ ವಾಲಿತು. ಬಾಯಿ ಅರ್ಧ ತೆರೆದಿತ್ತು. ದಾಮಾರಿಸ್ ಮಾವನ ಜೊತೆ ಹೊರಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಮೇಲೆ ಅಜ್ಜಿ ಮಂಚದ ಮೇಲೆ ಕೂತು ಚೀಲದಿಂದ ಒಂದೊಂದೇ ಬಟ್ಟೆ ತೆಗೆದಿಡುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಬೇಯಿಸಿದ ಬಾಳೆಕಾಯಿಯನ್ನು ಧಬಧಬ ಕುಟ್ಟುತ್ತಿದ್ದಳು.

ದಾಮಾರಿಸ್ ಹೊಸ್ತಿಲಲ್ಲೇ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಒಳಗೆ ಬಂದಳು.

"ಇದ್ಯಾಕೆ ಬೆಕ್ಕಿನ ಥರ ನಡೀತಿದ್ದೀಯೇ?" ಎಂದಳು ಅಮ್ಮ.

"ಶ್! ಮೆಲ್ಲಗೆ ಕುಟ್ಟಮ್ಮ," ಅಂದಳು ದಾಮಾರಿಸ್, ನೆಲ ತೋರಿಸುತ್ತಾ. "ಆಂಟಿ ಈಗಷ್ಟೇ ಮಲಗಿದ್ದಾರೆ."